ವಿಕಿರಣ ತ್ಯಾಜ್ಯಕ್ಕೆ ನೀರಿನ ಪರೀಕ್ಷೆ

ದೇವರಮನೆ ಗುಡ್ಡದ ಸುತ್ತಲಿನ ಕಾಫಿ ತೋಟಗಳಲ್ಲಿ ಮಣ್ಣಿಗೆ ಸುಣ್ಣ ಹಾಕುವ ರೂಢಿಯಿದೆ. ಮುಂಗಾರಿನ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಸಿದು ಒಯ್ಯುವುದರಿಂದ ಮಣ್ಣು ಹುಳಿಯಾಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಹಿಂದೆ ಉಳಿಯುತ್ತವೆ. ನೀರು ಎಲ್ಲವನ್ನೂ ಒಂದೇ ಸಮನೆ ಒಯ್ಯುವುದಿಲ್ಲ, ಆರಿಸಿ ಒಯ್ಯುತ್ತದೆ. ಇದೇ ಘಟ್ಟಸಾಲಿನಲ್ಲಿ ಉತ್ತರಕ್ಕೆ, ಕಾಳಿ ನದಿಯ ಕದ್ರಾ ಜಲಾಶಯದ ಬಳಿ 2000ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಕೈಗಾ ಅಣುಸ್ಥಾವರವಿದೆ. ಅಂಥ ಸ್ಥಾವರದ ತ್ಯಾಜ್ಯವನ್ನು ಕಟ್ಟಿಡುವವರೂ ಎದುರಿಸಬೇಕಾದದ್ದು ನೀರಿನ ಈ ಗುಣವನ್ನೇ.

ಸ್ಥಾವರದಲ್ಲಿ ದಿನನಿತ್ಯ ಹುಟ್ಟುವುದು ಬಹುಪಾಲು ಕೆಳಮಟ್ಟದ ಮತ್ತು ಮಧ್ಯಮ ಮಟ್ಟದ ತ್ಯಾಜ್ಯ: ಕೈಗವಸು, ಬಟ್ಟೆ, ಶೋಧಕಗಳು, ನೀರನ್ನು ಶುದ್ಧಗೊಳಿಸಿ ಸವೆದ ರೆಸಿನ್ ಮಣಿಗಳು, ಆವಿಯಾಗಿಸಿದ ಮೇಲೆ ಉಳಿದ ಗಸಿ. ದ್ರವ ಹರಿಯುತ್ತದೆ, ಪುಡಿ ಹಾರುತ್ತದೆ. ಅದಕ್ಕೇ ಗಸಿಯನ್ನು ಸಿಮೆಂಟಿನೊಂದಿಗೆ ಕಲಸಿ ಡ್ರಮ್ಮಿನಲ್ಲಿ ಗಟ್ಟಿಗೊಳಿಸುತ್ತಾರೆ. ಸಿಮೆಂಟು ಅಗ್ಗ, ಕುಲುಮೆ ಬೇಡ, ಅದರ ಕ್ಷಾರಗುಣಕ್ಕೆ ಹಲವು ಲೋಹಗಳು ಕರಗದ ರೂಪಕ್ಕೆ ತಿರುಗುತ್ತವೆ. ಆದರೆ ಸಿಮೆಂಟಿಗೆ ಸೇರಿಸಿದ ರೆಸಿನ್ ಮಣಿಗಳು ನೀರು ಹೀರಿ ಉಬ್ಬಿದರೆ ಗಟ್ಟಿ ಒಳಗಿನಿಂದಲೇ ಬಿರುಕು ಬಿಡುತ್ತದೆ. ಬೋರೇಟ್ ಇದ್ದರೆ ಸಿಮೆಂಟು ಬೇಗ ಗಟ್ಟಿಯಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಲೆನೋವು ಸೀಸಿಯಂ-137. ಅದು ಸಿಮೆಂಟಿನ ಸೂಕ್ಷ್ಮರಂಧ್ರಗಳ ನೀರಿನಲ್ಲಿ ಕರಗಿಯೇ ಇರುತ್ತದೆ. ಅದಕ್ಕೆ ಮಿಶ್ರಣದಲ್ಲಿ ವರ್ಮಿಕ್ಯುಲೈಟ್ ಅಥವಾ ಬೆಂಟೋನೈಟ್ ಸೇರಿಸುತ್ತಾರೆ. ಈ ಖನಿಜಗಳ ಪದರಗಳು ಸೀಸಿಯಂ ಅನ್ನು ಹಿಡಿದಿಡುತ್ತವೆ.

ಹಿಡಿತ ಎಷ್ಟು ಭದ್ರ ಎಂಬುದನ್ನು ಸುತ್ತಿಗೆ ಹೇಳಲಾರದು. ಭಾರಕ್ಕೆ ಜಗ್ಗದ ಗಟ್ಟಿಯೂ ಸೀಸಿಯಂ ಬಿಟ್ಟುಕೊಡಬಹುದು. ಅದನ್ನು ಅಳೆಯಲು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮಗಳಲ್ಲಿ ಅಮೆರಿಕದ 16.1 ಸಂಖ್ಯೆಯ ಮಾನಕವೂ ಒಂದು. ಚೆನ್ನಾಗಿ ಗಟ್ಟಿಯಾದ ಸಣ್ಣ ಸ್ತಂಭವೊಂದನ್ನು ಲವಣ ತೆಗೆದ ನೀರಿನಲ್ಲಿ ಎಲ್ಲ ಮೈಗೂ ನೀರು ತಾಗುವಂತೆ ತೂಗುಬಿಡುತ್ತಾರೆ. ಮೇಲ್ಮೈಯ ಪ್ರತಿ ಚದರ ಸೆಂ.ಮೀ.ಗೆ 10 ಮಿ.ಲೀ. ನೀರು. 2 ಗಂಟೆಗೆ, 7 ಗಂಟೆಗೆ, 24 ಗಂಟೆಗೆ, ಆಮೇಲೆ 5ನೇ ದಿನದವರೆಗೆ ದಿನಕ್ಕೊಮ್ಮೆ, ಕೊನೆಗೆ 19, 47 ಮತ್ತು 90ನೇ ದಿನ ನೀರು ಬದಲಿಸಿ, ತೆಗೆದ ನೀರಿನಲ್ಲಿ ಏನೆಷ್ಟು ಬಂದಿದೆ ಎಂದು ಎಣಿಸುತ್ತಾರೆ. ನೀರು ಬದಲಿಸುವುದು ಮುಖ್ಯ. ಒಂದೇ ನೀರಿನಲ್ಲಿ ಬಿಟ್ಟರೆ ಅದು ತುಂಬಿಕೊಂಡು ಬಸಿಯುವಿಕೆ ನಿಧಾನವಾಗುತ್ತದೆ, ಕಳಪೆ ಗಟ್ಟಿಯೂ ಪಾಸಾಗಿಬಿಡುತ್ತದೆ.

ಮೊದಮೊದಲು ಬರುವುದರಲ್ಲಿ ಮೇಲ್ಮೈಗೆ ಅಂಟಿದ್ದೂ ಸೇರಿರುತ್ತದೆ. ಬಳಿಕ ಒಳಗಿನದು ರಂಧ್ರಗಳ ಮೂಲಕ ತೆವಳಿ ಬರಬೇಕು. ಕಾಲ ನಾಲ್ಕು ಪಟ್ಟಾದರೆ ಹೊರಬಂದದ್ದು ಎರಡು ಪಟ್ಟು ಮಾತ್ರ. ಈ ಲೆಕ್ಕದಿಂದ ಪ್ರತಿ ಧಾತುವಿಗೂ ಒಂದು ಬಸಿಯುವಿಕೆ ಸೂಚ್ಯಂಕ ಸಿಗುತ್ತದೆ. ಸೂಚ್ಯಂಕ ಒಂದು ಹೆಚ್ಚಿದರೆ ಆ ಚಲನೆ ಹತ್ತು ಪಟ್ಟು ನಿಧಾನವೆಂದು ಅರ್ಥ. ಅಮೆರಿಕದ ನಿಯಂತ್ರಕರು ಕೇಳುವುದು 6ಕ್ಕಿಂತ ಹೆಚ್ಚು. ನನ್ನ ದೃಷ್ಟಿಯಲ್ಲಿ ಇದು ತೀರ ಕೆಳಗಿನ ಗೆರೆ. ಮಲೆನಾಡಿನಂಥ ಮಳೆಯೂರಿಗೆ ಇದಕ್ಕಿಂತ ಎಷ್ಟೋ ಮೇಲಿನ ಅಂಕ ಬೇಕು.

90 ದಿನದ ಪರೀಕ್ಷೆ 300 ವರ್ಷಕ್ಕೆ ಸಾಕ್ಷಿಯಾಗದು. 300 ಎಂಬ ಲೆಕ್ಕ ಏಕೆಂದರೆ, ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೆ ಅದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಗಟ್ಟಿಯೊಂದನ್ನೇ ನಂಬುವಂತಿಲ್ಲ. ಕಾಂಕ್ರೀಟ್ ಕಂದಕ, ಮೇಲೆ ನೀರು ಇಳಿಯದ ಮುಚ್ಚಿಗೆ, ಸುತ್ತ ಅಂತರ್ಜಲ ನೋಡುವ ಕೊಳವೆಬಾವಿ, ಎಲ್ಲವೂ ಬೇಕು.

ಬಳಸಿದ ಇಂಧನದ ಮರುಸಂಸ್ಕರಣೆಯಲ್ಲಿ ಹುಟ್ಟುವ ಉನ್ನತ ಮಟ್ಟದ ತ್ಯಾಜ್ಯಕ್ಕೆ ಸಿಮೆಂಟು ಸಾಲದು. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಅದನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಕರಗಿಸಿ ಉಕ್ಕಿನ ಡಬ್ಬಿಗೆ ಸುರಿಯುತ್ತಾರೆ. ಗಾಜಿನ ಪರೀಕ್ಷೆ ಕಠಿಣ: ಪುಡಿಮಾಡಿ 90 ಡಿಗ್ರಿ ನೀರಿನಲ್ಲಿ 7 ದಿನ. ಆ ಡಬ್ಬಿಗಳ ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ತಿಳಿಯಲು ಕೋಲಾರ ಚಿನ್ನದ ಗಣಿಯಲ್ಲಿ ಸುಮಾರು 1000 ಮೀಟರ್ ಆಳದಲ್ಲಿ ಪ್ರಯೋಗ ನಡೆದಿತ್ತು. ಅಲ್ಲಿ ಬಳಸಿದ್ದು ವಿದ್ಯುತ್ ಹೀಟರುಗಳನ್ನು, ತ್ಯಾಜ್ಯವನ್ನಲ್ಲ.

ತ್ಯಾಜ್ಯವನ್ನು ಕಾಂಕ್ರೀಟಿನಲ್ಲಿ ಭದ್ರವಾಗಿಟ್ಟಿದ್ದೇವೆ ಎಂದು ಯಾರಾದರೂ ಹೇಳಿದಾಗ, ಸೀಸಿಯಂನ ಸೂಚ್ಯಂಕ ಎಷ್ಟು, ಪರೀಕ್ಷೆ ಎಷ್ಟು ದಿನ ನಡೆಯಿತು, ಕೊಳವೆಬಾವಿಯ ನೀರಿನಲ್ಲಿ ಈ ವರ್ಷ ಏನು ಕಂಡಿತು ಎಂದು ಕೇಳಿ. ಈ ಮೂರಕ್ಕೂ ಉತ್ತರವನ್ನು ಕನ್ನಡದಲ್ಲಿ ಪ್ರಕಟಿಸುವುದು ಕಾಳಿ ಕಣಿವೆಯ ಜನರಿಗೆ ಸಲ್ಲಬೇಕಾದ ಬಾಕಿ.