ಕೇಳುವವರಿದ್ದಾರೆ, ಕಳೆ ಕೀಳುವವರು ಬೇಕು

ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಮಗುವಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸು. ಬಂದ ಹಲ್ಲಿನ ಮೇಲೆ ಸುಣ್ಣದ ಗೆರೆಯಂಥ ಬಿಳಿ ಪಟ್ಟೆ, ಅಲ್ಲಲ್ಲಿ ಕಂದು ಚುಕ್ಕೆ. ಎಷ್ಟು ತಿಕ್ಕಿದರೂ ಹೋಗದು. ಹಿಂದಾದರೆ ತಾಯಿ ಪಕ್ಕದ ಮನೆಯ ಹಿರಿಯರನ್ನು ಕೇಳುತ್ತಿದ್ದರು, ಇಲ್ಲವೆ ಶಾಲೆಯ ಮೇಷ್ಟರನ್ನು. ಈಗ ಕೈಯಲ್ಲಿ ಮೊಬೈಲು ಇದೆ. ಯಾರು ಬೇಕಾದರೂ ಪ್ರಶ್ನೆ ಕೇಳಬಹುದಾದ, ಯಾರು ಬೇಕಾದರೂ ಉತ್ತರ ಹೇಳಬಹುದಾದ ಜಾಲತಾಣಗಳಿವೆ. "ಬೋರಿನ ನೀರು ಕುದಿಸಿ ಕೊಟ್ಟರೆ ಹಲ್ಲಿನ ಕಲೆ ಹೋಗುತ್ತಾ?" ಎಂದು ಆ ತಾಯಿ ಕೇಳುತ್ತಾರೆ. ಹತ್ತೇ ನಿಮಿಷದಲ್ಲಿ ಉತ್ತರ ಬರುತ್ತದೆ: "ಖಂಡಿತ ಹೋಗುತ್ತದೆ, ಚೆನ್ನಾಗಿ ಮರಳಿಸಿ." ಅದಕ್ಕೆ ಇನ್ನೂರು ಮಂದಿಯ ಮೆಚ್ಚುಗೆ. ಮತ್ತೊಬ್ಬರು ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ನೀರಿಡಲು ಹೇಳುತ್ತಾರೆ. ಅದಕ್ಕೆ ನೂರೈವತ್ತು. ಎಲ್ಲಕ್ಕಿಂತ ಕೆಳಗೆ, ಮೂರೇ ಮೆಚ್ಚುಗೆ ಪಡೆದ ಒಂದು ಒಣಕಲು ಉತ್ತರ: "ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ."

ಸರಿಯಾದದ್ದು ಆ ಮೂರು ಮೆಚ್ಚುಗೆಯ ಉತ್ತರವೇ.

ಚಿಕ್ಕಬಳ್ಳಾಪುರ, ಕೋಲಾರಗಳ ಆಳದ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಈ ಸೀಮೆಯ ಗಟ್ಟಿ ಕಲ್ಲಿನಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ. ನೀರು ವರ್ಷಗಟ್ಟಲೆ ಕಲ್ಲಿನ ಬಿರುಕುಗಳಲ್ಲಿ ನಿಂತಾಗ ಅದು ಸ್ವಲ್ಪ ಸ್ವಲ್ಪವಾಗಿ ಕರಗಿ ಬರುತ್ತದೆ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ತನಕ ಫ್ಲೋರೈಡ್ ಇದ್ದರೆ ಚಿಂತೆಯಿಲ್ಲ. ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಸಹಿಸಬಹುದು. ಅದಕ್ಕೆ ಮೇಲ್ಪಟ್ಟ ನೀರನ್ನು ಕುಡಿಯುತ್ತಾ ಬಂದರೆ ಮೊದಲು ಬೆಳೆಯುವ ಮಕ್ಕಳ ಹಲ್ಲು ಕೆಡುತ್ತದೆ; ಪ್ರಮಾಣ ಇನ್ನೂ ಹೆಚ್ಚಿದ್ದರೆ ವರ್ಷಗಳು ಕಳೆದಂತೆ ಮೂಳೆ, ಕೀಲುಗಳೂ ಕೆಡುತ್ತವೆ.

ಕುದಿಸಿದರೆ ಏನಾಗುತ್ತದೆ? ರೋಗಾಣುಗಳು ಸಾಯುತ್ತವೆ, ಅಷ್ಟು ನಿಜ. ಆದರೆ ಆವಿಯಾಗಿ ಹೋಗುವುದು ನೀರೇ ಹೊರತು ಫ್ಲೋರೈಡ್ ಅಲ್ಲ. 2 ಮಿಲಿಗ್ರಾಂ ಫ್ಲೋರೈಡ್ ಇರುವ ಒಂದು ಲೀಟರ್ ನೀರನ್ನು ಅರ್ಧ ಲೀಟರಿಗೆ ಇಳಿಸಿದರೆ, ಆ ಅರ್ಧ ಲೀಟರಿನಲ್ಲಿ ಅದೇ 2 ಮಿಲಿಗ್ರಾಂ ಉಳಿಯುತ್ತದೆ. ಮಗುವಿನ ಲೋಟದಲ್ಲಿ ಅದರ ಸಾಂದ್ರತೆ ಎರಡು ಪಟ್ಟು! ಇನ್ನೂರು ಮಂದಿ ಮೆಚ್ಚಿದ ಉತ್ತರ ಮಾಡುವ ಕೆಲಸ ಇದು. ಒಮ್ಮೆ ಬಂದ ಕಲೆಯನ್ನು ಯಾವ ನೀರೂ ಅಳಿಸಲಾರದು, ನಿಜ. ಆದರೆ ಆ ಮನೆಯಲ್ಲಿ ಎರಡು ವರ್ಷದ ತಂಗಿಯೂ ಇರಬಹುದು. ಶಾಶ್ವತ ಹಲ್ಲಿನ ಹೊರಕವಚ ವಸಡಿನೊಳಗೆ ರೂಪುಗೊಳ್ಳುವುದು ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಈಗಲೇ ನೀರು ಬದಲಾಯಿಸಿದರೆ ತಂಗಿಯ ಹಲ್ಲು ಉಳಿಯುತ್ತದೆ. ಪ್ರಶ್ನೋತ್ತರ ತಾಣದಲ್ಲಿ ಯಾವ ಉತ್ತರ ಮೇಲಿರಬೇಕು, ಯಾವುದು ಕೆಳಗಿರಬೇಕು ಎಂಬುದು ಕಂಪ್ಯೂಟರಿನವರ ತಲೆನೋವು ಮಾತ್ರ ಅಲ್ಲವೆನ್ನುವುದು ಇದಕ್ಕೇ.

ಕ.ಬು.ವಿನ ಕಾಲ

ಕನ್ನಡಿಗರಿಗೆ ಪ್ರಶ್ನೋತ್ತರದ ಹುಚ್ಚು ಹಳೆಯದು. 'ಸುಧಾ'ದಲ್ಲಿ ಬೀchi ಅವರ 'ನೀವು ಕೇಳಿದಿರಿ' ಅಂಕಣಕ್ಕಾಗಿ ವಾರದ ಸಂಚಿಕೆಯನ್ನು ಹಿಂದಿನಿಂದ ತೆರೆಯುತ್ತಿದ್ದವರು ಇಂದಿಗೂ ಇದ್ದಾರೆ. ಅಲ್ಲಿ ಕೇಳುವವರು ಸಾವಿರಾರು, ಹೇಳುವವರು ಒಬ್ಬರೇ. ನಡುವೆ ಸಂಪಾದಕರ ಮೇಜಿನ ಕೆಳಗೆ 'ಕ.ಬು.' ಎಂಬ ಮಹಾಶಯ. ಕಸದ ಬುಟ್ಟಿಯನ್ನು ಪತ್ರಿಕೆಗಳವರೂ ಓದುಗರೂ ಪ್ರೀತಿಯಿಂದ ಹಾಗೆ ಕರೆಯುತ್ತಿದ್ದರು. ಬೈಗುಳ, ಪಕ್ಕದ ಮನೆಯವರ ಮೇಲಿನ ಹಗೆ, ಹತ್ತು ಸಲ ಬಂದ ಅದೇ ಪ್ರಶ್ನೆ, ಎಲ್ಲವೂ ಕ.ಬು.ವಿನ ಹೊಟ್ಟೆಗೆ. ಇಂದು ಮಹಾ ಶಾಸ್ತ್ರವೆಂಬಂತೆ ಚರ್ಚೆಯಾಗುತ್ತಿರುವ ತಾಣ ನಿರ್ವಹಣೆ ಮೂಲದಲ್ಲಿ ಇಷ್ಟೇ.

ಹೇಳುವವರೂ ಹಲವರಾದಾಗ ಏನು ಮಾಡಬೇಕು? ಇದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡದ್ದು ಪುತ್ತೂರಿನ 'ಅಡಿಕೆ ಪತ್ರಿಕೆ'. 1988ರಲ್ಲಿ ಆರಂಭವಾದ ಈ ಮಾಸಪತ್ರಿಕೆಯಲ್ಲಿ ಶ್ರೀ ಪಡ್ರೆ ಮತ್ತು ಜೊತೆಗಾರರು ಕೃಷಿಕರ ಕೈಗೇ ಲೇಖನಿ ಕೊಟ್ಟರು. ತೋಟದಲ್ಲಿ ಮಾಡಿ ನೋಡಿದವನೇ ಬರೆಯಬೇಕು. ಬರೆಹದ ಕೊನೆಯಲ್ಲಿ ಆತನ ಊರು, ಫೋನ್ ಸಂಖ್ಯೆ. ಸುಳ್ಳು ಬರೆದರೆ ಮರುದಿನ ಬೆಳಿಗ್ಗೆ ಆರಕ್ಕೇ ಫೋನು ಬಂದೀತು ಎಂಬ ಭಯ ಯಾವ ನಿಯಮಾವಳಿಗಿಂತಲೂ ಚುರುಕಾದದ್ದು. ಜಾಲತಾಣದಲ್ಲಿ ಎಲ್ಲರೂ ಫೋನ್ ಸಂಖ್ಯೆ ಹಾಕಬೇಕೆಂದರೆ ಅನಾಹುತವಾದೀತು, ಹೆಣ್ಣುಮಕ್ಕಳಿಗಂತೂ ಕಷ್ಟ. ಆದರೆ "ಇದನ್ನು ನಾನು ಮಾಡಿ ನೋಡಿದ್ದೇನೆ", "ಇದನ್ನು ನಾನು ಕೇಳಿದ್ದೇನೆ ಅಷ್ಟೆ" ಎಂದು ಉತ್ತರ ಕೊಡುವವರಿಂದಲೇ ಗುರುತು ಹಾಕಿಸಿಕೊಳ್ಳುವುದಕ್ಕೆ ಏನು ಅಡ್ಡಿ?

ಮೆಚ್ಚುಗೆ ಬೇರೆ, ಸತ್ಯ ಬೇರೆ

ಅಂತರಜಾಲದ ಪ್ರಶ್ನೋತ್ತರ ತಾಣಗಳ ಚರಿತ್ರೆಯಲ್ಲಿ ಎರಡು ಕಥೆಗಳಿವೆ. 2005ರಲ್ಲಿ ತೆರೆದ 'ಯಾಹೂ ಆನ್ಸರ್ಸ್' ಎಲ್ಲರಿಗೂ ಬಾಗಿಲು ತೆರೆದಿಟ್ಟಿತು, ಗುಡಿಸುವವರನ್ನು ಮಾತ್ರ ಸಾಕಷ್ಟು ಇಡಲಿಲ್ಲ. ಕೊನೆಕೊನೆಗೆ ಅದು ನಗೆಪಾಟಲಿನ ವಸ್ತುವಾಗಿ 2021ರ ಮೇ 4ರಂದು ಮುಚ್ಚಿಹೋಯಿತು. 2008ರಲ್ಲಿ ಜೆಫ್ ಅಟ್‌ವುಡ್, ಜೋಯೆಲ್ ಸ್ಪೋಲ್ಸ್ಕಿ ಎಂಬಿಬ್ಬರು ಕಟ್ಟಿದ 'ಸ್ಟ್ಯಾಕ್ ಓವರ್‌ಫ್ಲೋ' ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರದ್ದು. ಅಲ್ಲಿ ಬಂದವನಿಗೆಲ್ಲ ಎಲ್ಲ ಅಧಿಕಾರ ಇಲ್ಲ. ಒಳ್ಳೆಯ ಉತ್ತರ ಕೊಟ್ಟರೆ ಅಂಕ. 15 ಅಂಕ ಬಂದ ಮೇಲೆ ಇನ್ನೊಬ್ಬರ ಉತ್ತರವನ್ನು ಮೆಚ್ಚಬಹುದು. ತೆಗಳಬೇಕಾದರೆ 125 ಬೇಕು. ಇನ್ನೊಬ್ಬರ ಬರೆಹವನ್ನು ಯಾರನ್ನೂ ಕೇಳದೆ ತಿದ್ದಬೇಕಾದರೆ 2000. ಮೆಚ್ಚುವುದಕ್ಕಿಂತ ತೆಗಳುವುದಕ್ಕೆ ಹೆಚ್ಚು ಅರ್ಹತೆ ಬೇಕೆಂಬ ಈ ಲೆಕ್ಕ ನಮ್ಮ ಸಾಹಿತ್ಯ ವಿಮರ್ಶೆಗೂ ಬಂದಿದ್ದರೆ ಚೆನ್ನಾಗಿತ್ತು!

ಆ ತಾಣವೂ ತಪ್ಪು ಮಾಡದೆ ಇರಲಿಲ್ಲ. ಪ್ರಶ್ನೆ ಕೇಳಿದವನೇ ಒಂದು ಉತ್ತರವನ್ನು ಒಪ್ಪಿದರೆ ಅದು ಎಲ್ಲಕ್ಕಿಂತ ಮೇಲೆ ನಿಲ್ಲುವ ಪದ್ಧತಿ ಅಲ್ಲಿತ್ತು. ಗೊತ್ತಿಲ್ಲವೆಂದು ಕೇಳಿದವನಿಗೆ ಯಾವುದು ಸರಿ ಎಂದು ಗೊತ್ತಾಗುವುದು ಹೇಗೆ? 2021ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು. ಕನ್ನಡದಲ್ಲೂ ನಡೆಯುತ್ತಿರುವ 'ಕೋರಾ' 2018ರಲ್ಲಿ ಪ್ರಶ್ನೆ ಕೇಳುವವರಿಗೆ ಹಣ ಕೊಡುವ ಯೋಜನೆಯನ್ನು ತಂದಿತು. ಕಾಸಿಗಾಗಿ ಕೇಳಿದ ಪ್ರಶ್ನೆಗಳ ಪ್ರವಾಹದಲ್ಲಿ ನಿಜವಾದ ಪ್ರಶ್ನೆಗಳು ಮುಳುಗಿದವು ಎಂದು ಅಲ್ಲಿನ ಹಳಬರೇ ದೂರಿದರು.

ಮೆಚ್ಚುಗೆಯ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ತಿಳಿಯಲು ಗೌರಿಬಿದನೂರು ತಾಲ್ಲೂಕಿನವರು ಅಮೆರಿಕದ ತನಕ ಹೋಗಬೇಕಾಗಿಲ್ಲ. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು ಎಚ್. ನರಸಿಂಹಯ್ಯ. ಬಡತನದ ಮನೆಯಿಂದ ಬಂದು, ಭೌತವಿಜ್ಞಾನದ ಮೇಷ್ಟರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ವಿಜ್ಞಾನ ಉಪನ್ಯಾಸ ಏರ್ಪಡಿಸುತ್ತಾ ಬಂದಿತು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಅವರ ಬದುಕಿನ ಹಟ. 1976ರಲ್ಲಿ ಪವಾಡಗಳ ತನಿಖೆಗೆ ಅವರು ಸಮಿತಿ ರಚಿಸಿದಾಗ ನಾಡೆಲ್ಲ ಗದ್ದಲವೆದ್ದಿತು. ಆ ಗದ್ದಲದಲ್ಲಿ ಸಮಿತಿಯ ಹೆಸರಿನಲ್ಲಿದ್ದ ಒಂದು ಸಣ್ಣ ಮಾತನ್ನು ಗಮನಿಸಿದವರು ಕಡಿಮೆ. ಪವಾಡ ಮತ್ತು ಇತರ 'ಪರೀಕ್ಷಿಸಬಹುದಾದ' ಮೂಢನಂಬಿಕೆಗಳು ಎಂದಿತ್ತು ಅಲ್ಲಿ. ದೇವರಿದ್ದಾನೆಯೆ ಎಂಬುದು ಆ ಸಮಿತಿಯ ಪ್ರಶ್ನೆಯಲ್ಲ. ಬರಿಗೈಯಿಂದ ವಸ್ತು ಬರುತ್ತದೆಯೆ ಎಂಬುದು ಪ್ರಶ್ನೆ.

ಪ್ರಶ್ನೋತ್ತರ ತಾಣಗಳಿಗೂ ಮೊದಲು ಬೇಕಾದ ಜರಡಿ ಇದೇ. ಮುದ್ದೆಗೆ ಬಸ್ಸಾರು ಚೆಂದವೊ ಉಪ್ಪುಸಾರು ಚೆಂದವೊ ಎಂಬ ಪ್ರಶ್ನೆಗೆ ಮೆಚ್ಚುಗೆ ಎಣಿಸಿದರೆ ಸಾಕು. ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೆ ಎಂಬುದಕ್ಕೆ ಲಕ್ಷ ಮೆಚ್ಚುಗೆ ಬಿದ್ದರೂ ಉತ್ತರ ಬದಲಾಗದು. ಪರೀಕ್ಷಿಸಬಹುದಾದ ಪ್ರಶ್ನೆಗಳಿಗೆ ಬೇರೆ ಗುರುತು, ಅವುಗಳ ಉತ್ತರಕ್ಕೆ ಆಧಾರ ಕಡ್ಡಾಯ ಎಂದರೆ ಅರ್ಧ ಕಳೆ ತಾನಾಗಿ ಒಣಗುತ್ತದೆ.

ಕೆಲವು ಪ್ರಶ್ನೆಗಳು ಎರಡೂ ಅಲ್ಲದ ನಡುಹಾದಿಯವು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆಯನ್ನೇ ನೋಡಿ. (ಎಚ್.ಎನ್. ವ್ಯಾಲಿ ಎಂದು ಅದರ ಹೆಸರು. ನರಸಿಂಹಯ್ಯನವರನ್ನೂ ಜನ ಎಚ್ಚೆನ್ ಎಂದೇ ಕರೆಯುತ್ತಿದ್ದರು, ಕೇವಲ ಕಾಕತಾಳೀಯ.) ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕೆಂದು ಹೋರಾಟಗಾರರು; ಕೆರೆ ತುಂಬಿದ್ದರಿಂದ ಅಂತರ್ಜಲ ಏರಿದೆ ಎಂದು ಅಧಿಕಾರಿಗಳು. "ಈ ನೀರು ಒಳ್ಳೆಯದೆ?" ಎಂದು ಒಂದೇ ಸಾಲಿನಲ್ಲಿ ಕೇಳಿದರೆ ಜಗಳವೇ ಉತ್ತರ. ನೀರಿನಲ್ಲಿ ಏನೇನಿದೆ, ಬಾವಿಗಳ ಮಟ್ಟ ಎಷ್ಟು ಏರಿದೆ, ಆ ಬಾವಿಗಳ ನೀರನ್ನು ಪರೀಕ್ಷಿಸಿದಾಗ ಏನು ಕಂಡಿತು ಎಂದು ಪ್ರಶ್ನೆಯನ್ನೇ ಮೂರಾಗಿ ಸೀಳುವವರು ಬೇಕು. ಉತ್ತರ ಕೊಡುವವರಿಗಿಂತ ಪ್ರಶ್ನೆಯನ್ನು ನೇರ್ಪಡಿಸುವವರು ಅಪರೂಪ.

ಕನ್ನಡದ ತೊಡಕು

ಕನ್ನಡದಲ್ಲಿ ಇನ್ನೊಂದು ಪೇಚು. ಒಂದೇ ಪ್ರಶ್ನೆ 'ಫ್ಲೋರೈಡ್' ಎಂದು ಒಂದು ಸಲ, 'ಪ್ಲೋರೈಡ್' ಎಂದು ಮತ್ತೊಂದು ಸಲ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಮೂರನೆಯ ಸಲ ಬರುತ್ತದೆ. ಗೌರಿಬಿದನೂರು ಸೀಮೆಯಲ್ಲಿ ತೆಲುಗು, ಉರ್ದು ಬೆರೆತು ನಾಲ್ಕನೆಯ ಸಲ. ತಾಯಂದಿರಂತೂ ಫ್ಲೋರೈಡ್ ಎಂಬ ಪದವನ್ನೇ ಬಳಸುವುದಿಲ್ಲ. 'ಹಲ್ಲಿನ ಕಲೆ' ಎಂದು ಹುಡುಕುತ್ತಾರೆ. ಹಿಂದೆ ಯಾರೋ ಬರೆದ ಒಳ್ಳೆಯ ಉತ್ತರ ಅವರಿಗೆ ಸಿಗುವುದೇ ಇಲ್ಲ. ಇವೆಲ್ಲ ಒಂದೇ ಎಂದು ಗುರುತಿಸಿ ಒಂದು ಮರದ ಕೆಳಗೆ ಕೂರಿಸುವ ಕೆಲಸವನ್ನು ಊರಿನ ಮಾತು ಬಲ್ಲವರೇ ಮಾಡಬೇಕು. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರು ಸೇರಿ ಮಾತಾಡುವ ಪುಟಕ್ಕೆ 'ಅರಳಿ ಕಟ್ಟೆ' ಎಂದೇ ಹೆಸರು. ಅಲ್ಲಿ ಪ್ರತಿ ಲೇಖನಕ್ಕೂ ಚರ್ಚೆಯ ಪುಟ ಒಂದು, ಯಾರು ಯಾವಾಗ ಏನು ತಿದ್ದಿದರೆಂಬ ಇತಿಹಾಸದ ಪುಟ ಒಂದು. ತಪ್ಪನ್ನು ಸದ್ದಿಲ್ಲದೆ ಅಳಿಸುವುದಿಲ್ಲ, ಅಳಿಸಿದ್ದೂ ದಾಖಲೆಯಲ್ಲಿರುತ್ತದೆ. ಪ್ರಶ್ನೋತ್ತರಕ್ಕೂ ಇದು ಬೇಕು. ಜೊತೆಗೆ ಊರು ಮತ್ತು ತಾರೀಕು. "ನಮ್ಮ ಬೋರಿನ ನೀರು ಚೆನ್ನಾಗಿದೆ" ಎಂಬ ಉತ್ತರ ಐದು ವರ್ಷದ ಹಿಂದಿನದಾದರೆ, ಬೋರನ್ನು ಆಮೇಲೆ ಇನ್ನೂರು ಅಡಿ ಆಳಕ್ಕಿಳಿಸಿದ್ದರೆ, ಆ ಉತ್ತರಕ್ಕೆ ಬೆಲೆಯೇನು?

ಅಲೀಪುರಕ್ಕೆ ಮತ್ತೆ ಬರೋಣ. ಭಾಷಾವಿಜ್ಞಾನಿಗಳಿಗೆ ಈ ಊರು ಗೊತ್ತಿರುವುದು ಬೇರೆ ಕಾರಣಕ್ಕೆ. ಇಲ್ಲಿ ಹುಟ್ಟು ಕಿವುಡರು ನೂರಕ್ಕೂ ಮಿಕ್ಕಿ ಇದ್ದಾರೆ. ಅವರು ತಲೆಮಾರುಗಳಿಂದ ತಮ್ಮದೇ ಆದ ಸನ್ನೆ ಭಾಷೆಯೊಂದನ್ನು ಕಟ್ಟಿಕೊಂಡಿದ್ದಾರೆ. ಕಿವಿ ಕೇಳುವ ಎಷ್ಟೋ ಮಂದಿಯೂ ಅದರಲ್ಲಿ ಮಾತಾಡಬಲ್ಲರು. ಸಿಬಾಜಿ ಪಂಡಾ ಎಂಬ ವಿದ್ವಾಂಸರ ಅಧ್ಯಯನ 2012ರಲ್ಲಿ ಗ್ರಾಮೀಣ ಸನ್ನೆ ಭಾಷೆಗಳ ಗ್ರಂಥವೊಂದರಲ್ಲಿ ಪ್ರಕಟವಾಗಿದೆ. ನಗರಗಳ ಕಿವುಡರು ಬಳಸುವ ಭಾರತೀಯ ಸನ್ನೆ ಭಾಷೆ ಬೇರೆ, ಅಲೀಪುರದ್ದು ಬೇರೆ. ಅಕ್ಷರದಲ್ಲಿ ಮಾತ್ರ ಪ್ರಶ್ನೆ ಸ್ವೀಕರಿಸುವ ತಾಣದಲ್ಲಿ ಇವರಲ್ಲಿ ಹಲವರಿಗೆ ಜಾಗವೇ ಇಲ್ಲ. ಸನ್ನೆಯಲ್ಲಿ ಕೇಳಿ ಸನ್ನೆಯಲ್ಲಿ ಉತ್ತರ ಪಡೆಯುವ ವಿಡಿಯೊ ಸೌಲಭ್ಯ ಇಂದಿನ ಮೊಬೈಲಿಗೆ ದೊಡ್ಡದಲ್ಲ. ದೊಡ್ಡದು ಅದನ್ನು ನೋಡಿ ಸರಿ, ತಪ್ಪು ಹೇಳುವುದು. ಬೆಂಗಳೂರಿನಲ್ಲಿ ಕುಳಿತ ಯಾವ ನಿರ್ವಾಹಕನಿಗೂ ಅದು ಸಾಧ್ಯವಿಲ್ಲ. ಅಲೀಪುರದ ಸನ್ನೆಗೆ ಅಲೀಪುರದವರೇ ಸಂಪಾದಕರು.

ನಿರ್ವಾಹಕರ ಕೈ ಚುರುಕಾಗಿರಬೇಕಾದ ಜಾಗವೂ ಇಲ್ಲೇ ಇದೆ. "ಆ ಊರಿನಲ್ಲಿ ಅಷ್ಟು ಜನ ಕಿವುಡರೇಕೆ?" ಎಂಬುದು ವಿಜ್ಞಾನದ ಪ್ರಶ್ನೆ. ಕಿವಿ ಚೆನ್ನಾಗಿ ಕೇಳುವ ತಂದೆತಾಯಿ ಇಬ್ಬರಲ್ಲೂ ಒಂದೇ ಬಗೆಯ ಮರೆಯಾದ ಜೀನ್ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಿವುಡಿನ ಸಂಭವ ನಾಲ್ಕರಲ್ಲೊಂದು. ಸಂಬಂಧದೊಳಗೇ ಮದುವೆಗಳು ನಡೆಯುವ ಸಮುದಾಯಗಳಲ್ಲಿ ಇಂಥ ಜೋಡಿ ಕೂಡುವುದು ಹೆಚ್ಚು. ಉತ್ತರ ಇಷ್ಟಕ್ಕೆ ನಿಂತರೆ ಸರಿ. ಅದರ ಕೆಳಗೆ ಶಾಪ, ಪಾಪ, ಜಾತಿ, ಧರ್ಮ ಎಂದು ಬರೆಯುವವರು, ಇಂಥವರ ಮನೆಯ ಇಂಥ ಹುಡುಗಿ ಎಂದು ಹೆಸರೆತ್ತುವವರು ಬಂದೇ ಬರುತ್ತಾರೆ. ಅಲ್ಲಿ ಚರ್ಚೆಯೂ ಬೇಡ, ಇತಿಹಾಸವೂ ಬೇಡ, ನೇರವಾಗಿ ಕ.ಬು.

ಇನ್ನು, ಯಂತ್ರವೇ ಉತ್ತರ ಬರೆಯುವ ಕಾಲ ಬಂದಿರುವಾಗ ಈ ತಾಪತ್ರಯವೆಲ್ಲ ಏಕೆ ಎನ್ನುವವರಿದ್ದಾರೆ. 2022ರ ಡಿಸೆಂಬರಿನಲ್ಲಿ ಸ್ಟ್ಯಾಕ್ ಓವರ್‌ಫ್ಲೋ 'ಚಾಟ್ ಜಿಪಿಟಿ' ಬರೆದ ಉತ್ತರಗಳನ್ನು ತಡೆಹಿಡಿಯಿತು. ಅವು ನೋಡಲು ಸೊಗಸಾಗಿದ್ದು ಒಳಗೆ ಎಷ್ಟೋ ಸಲ ತಪ್ಪಾಗಿರುತ್ತಿದ್ದವು. ಮರುವರ್ಷ ಜೂನ್‌ನಲ್ಲಿ, ಇಂಥ ಉತ್ತರಗಳನ್ನು ತೆಗೆಯದಂತೆ ಕಂಪೆನಿ ಕೈಕಟ್ಟಿತೆಂದು ಸಂಬಳವಿಲ್ಲದೆ ದುಡಿಯುತ್ತಿದ್ದ ನಿರ್ವಾಹಕರು ಮುಷ್ಕರ ಹೂಡಿದರು. ಆಗಸ್ಟ್‌ನಲ್ಲಿ ರಾಜಿಯಾಯಿತು. ಯಂತ್ರಗಳು ಕಲಿಯುವುದಾದರೂ ಮನುಷ್ಯರು ಹಿಂದೆ ಬರೆದಿಟ್ಟದ್ದರಿಂದಲೇ. ಕನ್ನಡದಲ್ಲಿ ಅಂಥ ಬರೆಹ ಮೊದಲೇ ಕಡಿಮೆ. ಇರುವಷ್ಟರಲ್ಲೇ "ಚೆನ್ನಾಗಿ ಮರಳಿಸಿ" ಎಂಬುದು ಮೇಲಿದ್ದರೆ ಯಂತ್ರವೂ ಅದನ್ನೇ ಹೇಳೀತು.

ಆ ತಾಯಿಯ ಪ್ರಶ್ನೆಗೆ ಕಳೆ ಕಿತ್ತ ಮೇಲೆ ಉಳಿಯಬೇಕಾದ ಉತ್ತರ ಇದು: ಬಂದ ಕಲೆ ನೀರಿನಿಂದ ಹೋಗುವುದಿಲ್ಲ, ಹಲ್ಲಿನ ವೈದ್ಯರಿಗೆ ತೋರಿಸಿ. ಕುದಿಸಿದರೆ, ತಾಮ್ರದ ಚೊಂಬಿನಲ್ಲಿಟ್ಟರೆ, ಮನೆಯ ಕ್ಯಾಂಡಲ್ ಫಿಲ್ಟರಿನಲ್ಲಿ ಸೋಸಿದರೆ ಫ್ಲೋರೈಡ್ ತಗ್ಗದು. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯೆ ವಿಚಾರಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಕುಡಿಯಲು, ಅಡುಗೆಗೆ ಆರ್.ಒ. ಘಟಕದ ನೀರು ತನ್ನಿ. ಘಟಕದ ನೀರನ್ನೂ ಆಗಾಗ ಪರೀಕ್ಷಿಸಲು ಹೇಳಿ. ಮಾಳಿಗೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂಬಷ್ಟು ಕಡಿಮೆ; ಮೊದಲ ಮಳೆಯನ್ನು ಹೊರಕ್ಕೆ ಬಿಟ್ಟು, ಉಳಿದದ್ದನ್ನು ಸೋಸಿ ಹಿಡಿದಿಟ್ಟರೆ ಅದೂ ಆದೀತು. ಆ ನೀರನ್ನು ಮಾತ್ರ ಕುದಿಸಿಯೇ ಕುಡಿಯಿರಿ.