ಚಿಮಣಿಯ ಆಚೆಗೆ ಹುಟ್ಟುವ ಧೂಳು

ಉಷ್ಣವಿದ್ಯುತ್ ಸ್ಥಾವರವೊಂದರ ನೆರೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಒಮ್ಮೆ ತರಗತಿಯಲ್ಲಿ ಕೇಳಿದ: “ಸಾರ್, ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಮಾಳಿಗೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಬೂದಿ ಬೀಳುತ್ತಿತ್ತು. ಈಗ ಅಷ್ಟಿಲ್ಲ. ಆದರೂ ಅಜ್ಜಿಯ ಕೆಮ್ಮು ಹೋಗಲಿಲ್ಲವಲ್ಲ, ಏಕೆ?” ಅಜ್ಜಿಯ ಕೆಮ್ಮಿನ ಕಾರಣವನ್ನು ವೈದ್ಯರೇ ಹೇಳಬೇಕು, ಅದರಲ್ಲಿ ಒಲೆಯ ಹೊಗೆಯ ಪಾಲೂ ಇದ್ದೀತು. ಆದರೆ ಕಣ್ಣಿಗೆ ಕಾಣುವ ಬೂದಿ ಕಡಿಮೆಯಾದ ಮಾತ್ರಕ್ಕೆ ಗಾಳಿ ಶುದ್ಧವಾಯಿತೆ ಎಂಬ ಪ್ರಶ್ನೆ ಭೌತಶಾಸ್ತ್ರಕ್ಕೂ ಸೇರಿದ್ದು.

ಮೊದಲು ಸ್ವಲ್ಪ ಲೆಕ್ಕ. ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ ರಾಯಚೂರು ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಕೆಲಸ ಮಾಡತೊಡಗಿತು. ಅದು 210 ಮೆಗಾವಾಟಿನದು. ಒಂದು ಯೂನಿಟ್ ವಿದ್ಯುತ್ತಿಗೆ 700 ಗ್ರಾಂ ಕಲ್ಲಿದ್ದಲು ಬೇಕೆಂದು ಹಿಡಿದರೆ, ಅಷ್ಟು ದೊಡ್ಡ ಘಟಕವು ಪೂರ್ಣ ಸಾಮರ್ಥ್ಯದಿಂದ ದುಡಿದ ದಿನ ಸುಮಾರು 3,500 ಟನ್ನು ಕಲ್ಲಿದ್ದಲನ್ನು ನುಂಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಬಹಳ. ನೂರಕ್ಕೆ 35ರಷ್ಟು ಎನ್ನೋಣ. ಆಗ ದಿನಕ್ಕೆ 1,200 ಟನ್ನಿಗೂ ಮೇಲ್ಪಟ್ಟು ಬೂದಿ! ಅದರ ಐದನೆಯ ಒಂದು ಪಾಲು ಕುಲುಮೆಯ ತಳಕ್ಕೆ ಬೀಳುತ್ತದೆ. ಉಳಿದ ಸುಮಾರು ಸಾವಿರ ಟನ್ನು ಹಾರುಬೂದಿ ಹೊಗೆಯೊಡನೆ ಚಿಮಣಿಯ ಕಡೆಗೆ ಹೊರಡುತ್ತದೆ.

ಇದನ್ನು ತಡೆಯುವುದು ಸ್ಥಿರವಿದ್ಯುತ್ತಿನ ಕೆಲಸ. ಒಣಕೂದಲಿಗೆ ಬಾಚಣಿಗೆ ತಿಕ್ಕಿ ಕಾಗದದ ಚೂರುಗಳನ್ನು ಎಳೆಯುವ ಆಟವನ್ನು ಆಡದ ಮಕ್ಕಳುಂಟೆ? ಹತ್ತಾರು ಸಾವಿರ ವೋಲ್ಟುಗಳ ತಂತಿಗಳ ಬಳಿ ಹೊಗೆ ಹಾಯುವಾಗ ಬೂದಿಯ ಕಣಗಳು ವಿದ್ಯುದಾವೇಶವನ್ನು ಪಡೆದು, ಪಕ್ಕದ ಲೋಹದ ತಗಡುಗಳಿಗೆ ಅಂಟಿಕೊಳ್ಳುತ್ತವೆ. ಆಗಾಗ್ಗೆ ಸುತ್ತಿಗೆಗಳು ತಗಡುಗಳನ್ನು ಬಡಿದು ಬೂದಿಯನ್ನು ಕೆಳಕ್ಕೆ ಉದುರಿಸುತ್ತವೆ. ಅದು ಸಿಮೆಂಟಿಗೂ ಇಟ್ಟಿಗೆಗೂ ಒದಗುತ್ತದೆ. ನೂರಕ್ಕೆ 99.5 ಪಾಲನ್ನು ಹಿಡಿಯುವ ಯಂತ್ರವನ್ನು ಯಾರು ತಾನೇ ಹೊಗಳರು? ಆದರೆ ಸಾವಿರ ಟನ್ನಿನಲ್ಲಿ ಉಳಿದ ಅರ್ಧ ಪಾಲೆಂದರೆ ದಿನಕ್ಕೆ ಐದು ಟನ್ನು. ತಪ್ಪಿಸಿಕೊಳ್ಳುವ ಕಣಗಳು ಎಂತಹವು ಎಂಬುದು ಅದಕ್ಕಿಂತಲೂ ಮುಖ್ಯ. ದೊಡ್ಡ ಕಣವು ಹೆಚ್ಚು ಆವೇಶವನ್ನು ಹೊತ್ತು ಬೇಗನೆ ಸೆಳೆಯಲ್ಪಡುತ್ತದೆ. ಅತಿಸೂಕ್ಷ್ಮ ಕಣವು ಗಾಳಿಯ ಅಡ್ಡಿಯನ್ನು ಸುಲಭವಾಗಿ ದಾಟಿ ತಗಡನ್ನು ಸೇರುತ್ತದೆ. ಇವೆರಡರ ನಡುವಣ, ಕಾಲು ಅಥವಾ ಅರ್ಧ ಮೈಕ್ರಾನಿನ ಆಸುಪಾಸಿನ ಕಣಗಳೇ ಹೆಚ್ಚಾಗಿ ನುಣುಚಿಕೊಳ್ಳುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದಂಶ.

ಇಂತಹ ಕಣ ಬೇಗ ನೆಲಕ್ಕಿಳಿಯದು. ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಪ್ರಕಟಿಸಿದ ನಿಯಮದಂತೆ, ಕಣದ ವ್ಯಾಸ ಹತ್ತನೆಯ ಒಂದಂಶವಾದರೆ ಬೀಳುವ ವೇಗ ನೂರನೆಯ ಒಂದಂಶವಾಗುತ್ತದೆ. ನಿಶ್ಚಲವಾದ ಗಾಳಿಯಲ್ಲಿ 200 ಮೀಟರು ಕೆಳಗಿಳಿಯಲು 10 ಮೈಕ್ರಾನಿನ ಬೂದಿಕಣಕ್ಕೆ ಸುಮಾರು ಒಂಬತ್ತು ಗಂಟೆ ಸಾಕು. 1 ಮೈಕ್ರಾನಿನ ಕಣಕ್ಕೆ ಒಂದು ತಿಂಗಳಿಗೂ ಹೆಚ್ಚು ಕಾಲ ಬೇಕು. (ನಿಶ್ಚಲವಾದ ಗಾಳಿ ಪಠ್ಯಪುಸ್ತಕದಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು!) ಮಾಳಿಗೆಯ ಮೇಲೆ ಬೀಳುತ್ತಿದ್ದುದು ದಪ್ಪ ಬೂದಿ, ಸಣ್ಣದು ಆಗಲೂ ಬೀಳುತ್ತಿರಲಿಲ್ಲ, ಈಗಲೂ ಬೀಳುವುದಿಲ್ಲ.

ಗಂಧಕದ ಕಥೆ ಬೇರೆ. ನಮ್ಮ ಕಲ್ಲಿದ್ದಲಿನಲ್ಲಿ ಅದು ಕಡಿಮೆ, ನೂರಕ್ಕೆ ಅರ್ಧ ಪಾಲು. ಆದರೂ 3,500 ಟನ್ನಿನಲ್ಲಿ ಅದು ಹದಿನೇಳೂವರೆ ಟನ್ನಾಗುತ್ತದೆ. ಉರಿದಾಗ ಆಮ್ಲಜನಕವನ್ನು ಕೂಡಿಕೊಂಡು ಇಮ್ಮಡಿ ತೂಕದ, ಎಂದರೆ 35 ಟನ್ನು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅನಿಲವಾದುದರಿಂದ ತಗಡುಗಳಿಗೆ ಅದು ಅಂಟುವ ಮಾತೇ ಇಲ್ಲ. ಚಿಮಣಿಯನ್ನು ದಾಟಿ ಗಾಳಿಯಲ್ಲಿ ತೇಲುತ್ತಾ, ಗಂಟೆಗಳು ದಿನಗಳು ಕಳೆದಂತೆ ಗಂಧಕಾಮ್ಲವಾಗಿ, ಹೊಲಗದ್ದೆಗಳಿಂದಲೂ ಸಗಣಿಯಿಂದಲೂ ಏಳುವ ಅಮೋನಿಯದೊಡನೆ ಬೆರೆತು ಸಲ್ಫೇಟಿನ ಸೂಕ್ಷ್ಮ ಕಣಗಳಾಗುತ್ತದೆ. ಹೀಗೆ ಧೂಳು ಹುಟ್ಟುವುದೇ ಚಿಮಣಿಯ ಆಚೆಗೆ, ಕೆಲವು ವೇಳೆ ನೂರಾರು ಕಿಲೋಮೀಟರು ದೂರದಲ್ಲಿ. ಎತ್ತರದ ಚಿಮಣಿ ನೆರೆಯವರಿಗೆ ಉಪಕಾರಿ, ದೂರದ ಊರಿನವರಿಗಲ್ಲ.

ನಮ್ಮ ಮೂಗು, ಗಂಟಲುಗಳು ದಪ್ಪ ಧೂಳನ್ನು ಹಿಡಿದು ಹೊರಹಾಕಬಲ್ಲವು. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ವಾಯುಕೋಶಗಳವರೆಗೂ ಹೋಗಿ ಅಲ್ಲಿ ಉರಿಯೂತವನ್ನುಂಟುಮಾಡುತ್ತವೆ. ಅದರ ಪರಿಣಾಮ ಶ್ವಾಸಕೋಶದಲ್ಲೇ ನಿಲ್ಲದೆ ಹೃದಯವನ್ನೂ ರಕ್ತನಾಳಗಳನ್ನೂ ತಟ್ಟುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಐದು ದಿನ ಕವಿದ ಕಲ್ಲಿದ್ದಲಿನ ಹೊಗೆಮಂಜಿಗೆ ಬಲಿಯಾದವರು ನಾಲ್ಕು ಸಾವಿರವೆಂದು ಮೊದಲು ಎಣಿಸಿದರು. ಮುಂದಿನ ಪರಿಶೀಲನೆ ಹನ್ನೆರಡು ಸಾವಿರದವರೆಗೂ ಏರಿಸಿತು. ಅಲ್ಲಿ ಸ್ಥಾವರಗಳಷ್ಟೇ ಅಲ್ಲ, ಮನೆಯ ಅಗ್ಗಿಷ್ಟಿಕೆಗಳೂ ದೋಷಿಗಳು. ಕೇವಲ ವಿದ್ಯುತ್ ಸ್ಥಾವರಗಳನ್ನೇ ಕುರಿತ ಒಂದು ಅಧ್ಯಯನ 2023ರಲ್ಲಿ ಅಮೆರಿಕದಿಂದ ಬಂದಿತು: 1999ರಿಂದ 2020ರವರೆಗೆ ಆ ದೇಶದ ವೃದ್ಧರಲ್ಲಿ ಸುಮಾರು 4,60,000 ಮರಣಗಳಿಗೆ ಕಲ್ಲಿದ್ದಲು ಸ್ಥಾವರಗಳ ಸೂಕ್ಷ್ಮ ಕಣಗಳು ಕಾರಣವೆಂದು ಅದು ಅಂದಾಜಿಸಿತು. ಅವುಗಳಲ್ಲಿ ಬಹುಪಾಲು 2007ಕ್ಕೆ ಹಿಂದಿನವು. ಗಂಧಕದ ಅನಿಲವನ್ನು ತೊಳೆಯುವ ಉಪಕರಣಗಳು ಬಂದಂತೆ, ಸ್ಥಾವರಗಳು ಮುಚ್ಚಿದಂತೆ ಸಂಖ್ಯೆ ಇಳಿಯಿತು.

ತೊಳೆಯುವ ವಿಧಾನವೇನೂ ರಹಸ್ಯವಲ್ಲ. ಸುಣ್ಣಕಲ್ಲಿನ ಪುಡಿ ಬೆರೆಸಿದ ನೀರನ್ನು ಹೊಗೆಯ ಮೇಲೆ ಸಿಂಪಡಿಸಿದರೆ ಅನಿಲದ ಬಹುಭಾಗ ಜಿಪ್ಸಮ್ ಆಗಿ ಕೈಗೆ ಬರುತ್ತದೆ. ನಮ್ಮ ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಸ್ಥಾವರಗಳ ಗಂಧಕದ ಅನಿಲಕ್ಕೆ ಮಿತಿಯನ್ನು ವಿಧಿಸಿ ಎರಡು ವರ್ಷಗಳ ಗಡುವನ್ನು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈಯಲ್ಲಿ, ಮಹಾನಗರಗಳಿಂದಲೂ ಮಾಲಿನ್ಯ ಮಿತಿಮೀರಿದ ಪ್ರದೇಶಗಳಿಂದಲೂ ದೂರವಿರುವ ಬಹುಸಂಖ್ಯೆಯ ಸ್ಥಾವರಗಳಿಗೆ, ಚಿಮಣಿಯ ಎತ್ತರದ ನಿಯಮವನ್ನು ಪಾಲಿಸಿದರೆ ಸಾಕೆಂದು ವಿನಾಯಿತಿ ದೊರೆಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಉಪಕರಣಕ್ಕೆ ಖರ್ಚು ಹೆಚ್ಚು ಎಂಬ ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೆ ನೂರಕ್ಕೆ ಅರ್ಧ ಪಾಲೆಂಬ ಅಂಕಿ ಎಷ್ಟು ಟನ್ನಿನ ಮೇಲಿನದು ಎಂಬುದನ್ನು ಮೇಲೆ ನೋಡಿದೆವು; ಅದೂ ಒಂದೇ ಘಟಕದ, ಒಂದೇ ದಿನದ ಲೆಕ್ಕ.