ರಾಡ್ ಹಾಕ್ಯಾರ, ಇನ್ನ ನಡೀಬೇಕಾ ಬ್ಯಾಡಾ?

ನಮ್ಮ ದಂಡೋತಿ, ವಾಡಿ, ಶಹಾಬಾದ್, ಸೇಡಂ ಕಡೆ ಬಂದು ನೋಡಿ. ಸಿಮೆಂಟ್ ಲಾರಿ, ಪರ್ಸಿ ಕಲ್ಲು ತುಂಬಿದ ಟ್ರ್ಯಾಕ್ಟರ್, ಇವುಗಳ ನಡುವೆ ನುಸುಳೋ ಬೈಕ್. ಹಾಗಾಗಿ ‘ಕಾಲಾಗ ರಾಡ್ ಹಾಕ್ಯಾರ’ ಅನ್ನೋ ಮಾತು ಇಲ್ಲಿ ಯಾರಿಗೂ ಹೊಸದಲ್ಲ. ಹೋದ ಮಳೆಗಾಲದಲ್ಲಿ ಆ ಸರದಿ ನಮ್ಮ ಸೋದರಮಾವನ ಮಗನದ್ದು. ರಾತ್ರಿ ಬೈಕ್ ಜಾರಿ ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದವು. ಕಾಗಿಣಾ ತುಂಬಿದರೆ ದಂಡೋತಿ ಸೇತುವೆ ಮುಳುಗಿ ಕಲಬುರಗಿ ದಾರಿಯೇ ಬಂದ್ ಆಗುತ್ತದೆ. ಅವತ್ತು ನೀರು ಇಳಿದಿತ್ತು, ಪುಣ್ಯ. ಮರುದಿನವೇ ಕಲಬುರಗಿಯಲ್ಲಿ ಆಪರೇಷನ್ ಆಯಿತು.

ನಿಜವಾದ ಗಲಾಟೆ ಶುರುವಾಗಿದ್ದು ಮನೆಗೆ ಬಂದ ಮೇಲೆ. ವಾಕರ್ ಹಿಡಿದು ತಡೆಯುವಷ್ಟು ಭಾರ ಹಾಕಿ ನಡೆಯಿರಿ ಅಂತ ಡಾಕ್ಟರ್ ಹೇಳಿ ಕಳಿಸಿದ್ದರು. ಆಯಿ ಮಾತ್ರ, “ಸಲಾಕಿ ಬಗ್ಗಿದ್ರ ಏನ್ ಮಾಡ್ತಿ? ಮೂರು ತಿಂಗಳ ಕಾಲ ನೆಲಕ್ಕ ಇಡಬ್ಯಾಡ” ಅಂತ ಪಟ್ಟು ಹಿಡಿದಳು. ಅವನು ಗುತ್ತಿಗೆ ಕೆಲಸಗಾರ. ಹಾಜರಿ ಇಲ್ಲದ ದಿನಕ್ಕೆ ಪಗಾರ ಇಲ್ಲ. ಆದರೂ ಹೆದರಿ ಮಲಗಿಬಿಟ್ಟ. ಆರು ವಾರಕ್ಕೆ ತೊಡೆ ಸಣ್ಣಗಾಗಿ, ಮೊಣಕಾಲು ಬಿಗಿದುಕೊಂಡಿತ್ತು.

ಆಯಿ ಹೆದರಿದ್ದರಲ್ಲಿ ತಪ್ಪೇನಿಲ್ಲ. ಹಿಂದೆ ಪ್ಲಾಸ್ಟರ್ ಹಾಕಿದರೆ ತಿಂಗಳುಗಟ್ಟಲೆ ಮಲಗಬೇಕಿತ್ತು, ಅವಳು ನೋಡಿದ್ದು ಅದನ್ನೇ. ಈ ರಾಡ್ ಲೆಕ್ಕವೇ ಬೇರೆ. ನಮ್ಮ ಟಿಬಿಯಾ ಎಲುಬು ಒಳಗೆ ಪೊಳ್ಳು. ಮಂಡಿಚಿಪ್ಪಿನ ಹತ್ತಿರ ಸಣ್ಣದಾಗಿ ಕೊಯ್ದು, ಮೊದಲು ತೆಳುವಾದ ತಂತಿ ಇಳಿಸಿ, ಒಳದಾರಿಯನ್ನು ಕೊರೆದು ಅಗಲ ಮಾಡಿ, ಪೆನ್ನಿನಷ್ಟು ದಪ್ಪದ ಸ್ಟೀಲ್ ಅಥವಾ ಟೈಟಾನಿಯಂ ಮೊಳೆಯನ್ನು ಹಿಮ್ಮಡಿ ಕಡೆಗೆ ಇಳಿಸುತ್ತಾರೆ. ಮೇಲೆ, ಕೆಳಗೆ ಅಡ್ಡ ಸ್ಕ್ರೂ ಹಾಕಿದ ಮೇಲೆ ಎಲುಬು ತಿರುಗುವುದಿಲ್ಲ, ಕುಗ್ಗುವುದಿಲ್ಲ. ಮುರಿದ ಜಾಗವನ್ನು ಹೆಚ್ಚಾಗಿ ಬಿಚ್ಚುವುದೇ ಇಲ್ಲ. ಆದ್ದರಿಂದ ಅಲ್ಲಿನ ರಕ್ತಸಂಚಾರ ಉಳಿಯುತ್ತದೆ.

ಆದರೆ ರಾಡ್ ಎಲುಬನ್ನು ಕೂಡಿಸುವುದಿಲ್ಲ, ಹಿಡಿದಿರುತ್ತದೆ ಅಷ್ಟೇ. ಕೂಡಿಕೊಳ್ಳೋದು ಎಲುಬೇ. ಮೇಲಿಂದ ಹದವಾಗಿ ಭಾರ ಬಿದ್ದಾಗ ಅದಕ್ಕೆ ಹುರುಪು ಬರುತ್ತದೆ. ಎಲುಬು ಕೂಡದೇ ಬಹಳ ದಿನ ಉಳಿದರೆ ಮಾತ್ರ ರಾಡ್ ದಣಿದು ಮುರಿಯಬಹುದು. ಅಂದರೆ ಮಲಗಿಕೊಂಡು ರಾಡ್ ಉಳಿಸ್ತೀವಿ ಅನ್ನೋದು ಉಲ್ಟಾ ಲೆಕ್ಕ.

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಜರ್ಮನಿಯ ಗೆರ್ಹಾರ್ಡ್ ಕುಂಚರ್ 1939ರಲ್ಲೇ ತೊಡೆ ಎಲುಬಿಗೆ ಇಂಥ ಮೊಳೆ ಹಾಕಿದ್ದರು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಸೈನಿಕರು ಬಿಡುಗಡೆಯಾಗಿ ಬಂದಾಗ, ಎಕ್ಸ್‌ರೇಯಲ್ಲಿ ಎಲುಬಿನೊಳಗೆ ಕಬ್ಬಿಣ ಕಂಡು ಅಮೆರಿಕದ ಡಾಕ್ಟರುಗಳೇ ಬೆರಗಾಗಿದ್ದರಂತೆ.

ಹಾಗಂತ ಎಲ್ಲರೂ ಮೂರನೇ ದಿನಕ್ಕೇ ನಡೆಯಬೇಕು ಅಂತಲ್ಲ. ಮುರಿತ ಕೀಲಿನ ಹತ್ತಿರವಿದ್ದರೆ, ಚೂರುಚೂರಾಗಿದ್ದರೆ ಡಾಕ್ಟರ್ ತಡೆಯುತ್ತಾರೆ. ಡಿಸ್ಚಾರ್ಜ್ ದಿನವೇ ಕೇಳಿ: “ಎಷ್ಟು ಭಾರ ಹಾಕಬೇಕು, ಯಾವತ್ತಿನಿಂದ?” ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ಆಯಿ ಮುಂದೆ ವಾದ ಮಾಡೋಕೆ ಅದೇ ಬೇಕು. ಬೀಡಿ, ಸಿಗರೇಟು ಬಿಡಲೇಬೇಕು, ಅವು ಎಲುಬು ಕೂಡುವುದನ್ನು ತಡ ಮಾಡುತ್ತವೆ. ನಮ್ಮವನಿಗೆ ನಡಿಗೆಗಿಂತ ಇದೇ ಕಷ್ಟವಾಯಿತು.

ಒಂದು ವಿಷಯಕ್ಕೆ ಮಾತ್ರ ನಿಜವಾಗಿಯೂ ಹೆದರಬೇಕು. ಮುರಿದ ಕಾಲಿನ ಮೀನಖಂಡ ಕಲ್ಲಿನಂತೆ ಬಿಗಿದು, ಗುಳಿಗೆಗೂ ನೋವು ತಗ್ಗದೆ, ಬೆರಳು ಎಳೆದರೆ ಜೀವ ಹೋಗುವಂತಾದರೆ ಬೆಳಗಾಗಲಿ ಅಂತ ಕಾಯಬೇಡಿ. ಒಳಗಿನ ಒತ್ತಡಕ್ಕೆ ಸ್ನಾಯುಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಎಣ್ಣೆ ತಿಕ್ಕುವುದು, ಬಿದಿರಿನ ಪಟ್ಟಿ ಬಿಗಿಯುವುದು ಆಗ ಕಾಲಿಗೇ ಕುತ್ತು. ಎಲುಬು ಚರ್ಮ ಹರಿದು ಹೊರಬಂದಿದ್ದರೆ ಒಳಗೆ ತಳ್ಳಬೇಡಿ; ಸ್ವಚ್ಛ ಬಟ್ಟೆ ಮುಚ್ಚಿ, 108ಕ್ಕೆ ಫೋನ್ ಮಾಡಿ. ರೊಕ್ಕ ಇಲ್ಲ ಅಂತಲೂ ತಡ ಮಾಡಬೇಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ಯೋಜನೆಯಡಿ ಬರುವ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ.

ಆರನೇ ವಾರದ ಎಕ್ಸ್‌ರೇ ತೋರಿಸಿ ಡಾಕ್ಟರ್ ಆಯಿಗೇ ತಿಳಿಸಿ ಹೇಳಿದರು. ಮರುದಿನದಿಂದ ಅಂಗಳದಲ್ಲಿ ವಾಕರ್ ಸದ್ದು. ಐದು ತಿಂಗಳಿಗೆ ಕೋಲೂ ಬಿಟ್ಟ. ಮೊಣಕಾಲೂರಿ ಕೂತರೆ ಮುಂಭಾಗ ಇನ್ನೂ ನೋಯುತ್ತದೆ. ಟಿಬಿಯಾಕ್ಕೆ ಈ ಮೊಳೆ ಹಾಕಿಸಿಕೊಂಡ ಬಹಳ ಜನರಿಗೆ ಇದು ಇದ್ದದ್ದೇ. ತೊಂದರೆ ಕೊಡದಿದ್ದರೆ ರಾಡ್ ಅಲ್ಲೇ ಇರಲಿ ಅಂದಿದ್ದಾರೆ. ಆಯಿಯ ಚಿಂತೆ ಈಗ ಬೇರೆ: “ಕಾಲಾಗ ಕಬ್ಬಿಣ ಅದ ಅಂದ್ರ ಹೆಣ್ಣು ಯಾರ್ ಕೊಡ್ತಾರ?”